ಬೆಟ್ಟದ ನೆತ್ತಿಯಿಂದ ಅಂತರಿಕ್ಷಕ್ಕೆ: ಭೂಮಾಪನದ ಎರಡು ಯುಗಗಳು

ವಿಸ್ತಾರವಾದ ನಾಡನ್ನು ಒಂದೇ ನೋಟದಲ್ಲಿ ಕಾಣಬೇಕೆಂಬ ಹಂಬಲವು ಮನುಷ್ಯನಿಗೆ ಬಹು ಹಿಂದಿನದು. ಬೆಟ್ಟವನ್ನೇರಿದವನಿಗೆ ನಾಡು ಕಾಣುವುದು. ಆದರೆ ಅದರ ಏರುತಗ್ಗುಗಳ ಲೆಕ್ಕವು ದೊರೆಯದು. ಈ ಲೆಕ್ಕಕ್ಕಾಗಿ ಸಂದ ಶ್ರಮದ ಕಥೆಯು ಸ್ಮರಣೀಯವಾದುದು.

ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ತನ್ನ ಮಹಾಕಾರ್ಯವನ್ನು ಆರಂಭಿಸಿದನು. ಸುಮಾರು ಅರ್ಧ ಟನ್ ಭಾರದ ಥಿಯೊಡೊಲೈಟ್ ಯಂತ್ರವನ್ನು ಶಿಖರದಿಂದ ಶಿಖರಕ್ಕೆ ಸಾಗಿಸಬೇಕಾಗಿದ್ದಿತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ನನು 1823ರಲ್ಲಿ ಹಿಂಗಣಘಾಟದಲ್ಲಿ, ಕಾರ್ಯವು ಮುಗಿಯುವ ಮೊದಲೇ ತೀರಿಕೊಂಡನು. ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ತಪ್ಪಲವರೆಗಿನ ರೇಖೆಯನ್ನು ಜಾರ್ಜ್ ಎವರೆಸ್ಟನು 1841ರಲ್ಲಿ ಪೂರೈಸಿದನು.

ಅಂದು ನಾಲ್ಕು ದಶಕಗಳನ್ನು ಬೇಡಿದ ಉದ್ಯಮದ ಮುಂದೆ, 2000ದ ಫೆಬ್ರವರಿಯ ಸಾಹಸವು ವಿಸ್ಮಯಕರವಾದುದು. ಅಮೆರಿಕದ ಎಂಡೆವರ್ ಎಂಬ ವ್ಯೋಮನೌಕೆಯು ಒಂದು ರೇಡಾರನ್ನು ತನ್ನ ಒಡಲಲ್ಲಿಯೂ, ಇನ್ನೊಂದು ಗ್ರಾಹಕವನ್ನು 60 ಮೀಟರು ಉದ್ದದ ಕಂಬದ ತುದಿಯಲ್ಲಿಯೂ ಧರಿಸಿ ಭೂಮಿಯನ್ನು ಸುತ್ತಿತು. ನೆಲಕ್ಕೆ ತಾಗಿ ಮರಳಿದ ಅಲೆಯು ಎರಡೆಡೆಗೂ ತಲುಪುವಾಗ ತೋರುವ ಅಲ್ಪ ವ್ಯತ್ಯಾಸದಿಂದ ಆ ನೆಲದ ಎತ್ತರವನ್ನು ಗಣಿಸಲಾಯಿತು. 11 ದಿನಗಳಲ್ಲಿ ಭೂಭಾಗದ ನೂರಕ್ಕೆ ಸುಮಾರು 80 ಪಾಲು ಅಳತೆಗೊಳಪಟ್ಟಿತು. ಭಾರತವು 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1 ಬೇರೊಂದು ದಾರಿಯನ್ನು ಹಿಡಿಯಿತು. ಅದರ ಎರಡು ಕ್ಯಾಮರಾಗಳು, ಮನುಷ್ಯನ ಎರಡು ಕಣ್ಣುಗಳಂತೆ, ಒಂದೇ ಸ್ಥಳವನ್ನು ಎರಡು ಕೋನಗಳಿಂದ ಕಂಡು ಎತ್ತರವನ್ನು ತಿಳಿಸಿದವು.

ಹೀಗೆ ದೊರೆತ ಎತ್ತರದ ಅಂಕೆಗಳನ್ನು ಚದುರಂಗದ ಮನೆಗಳಂತೆ ಸಾಲಾಗಿ ಜೋಡಿಸಿ, ಮೇಲೆ ಉಪಗ್ರಹದ ಚಿತ್ರವನ್ನು ವಸ್ತ್ರದಂತೆ ಹೊದಿಸಿದರೆ, ಗಣಕಯಂತ್ರದಲ್ಲಿ ಕಣಿವೆಗಳೂ ಶಿಖರಗಳೂ ಮೈದಾಳುವುವು. ಮಳೆಯ ನೀರು ಹರಿಯುವ ಹಾದಿಯೂ ಗೋಚರಿಸುವುದು.

ಆದರೆ ಕಂಡುದೆಲ್ಲವೂ ನೆಲವಲ್ಲ. ದಟ್ಟವಾದ ಕಾಡಿನಲ್ಲಿ ರೇಡಾರಿನ ಅಲೆಯು ಬಹುಮಟ್ಟಿಗೆ ಮರಗಳ ಮೇಲ್ಭಾಗದಿಂದಲೇ ಹಿಂದಿರುಗುವುದು. ಕಡಿದಾದ ಪರ್ವತಗಳ ಮರೆಯಲ್ಲಿ ಅಂಕೆಗಳೇ ಇಲ್ಲದ ತೆರಪುಗಳು ಉಳಿದವು. ಕಡಲಂಚಿನ ತಗ್ಗುನೆಲದಲ್ಲಿ ಮರಗಳನ್ನೂ ಮನೆಗಳನ್ನೂ ನೆಲವೆಂದೇ ಎಣಿಸಿದರೆ, ನೆರೆಗೆ ಸಿಲುಕುವ ಊರು ಸುರಕ್ಷಿತವೆಂದು ತೋರುವುದು. ಅಂತಹ ತಪ್ಪಿನ ಫಲವನ್ನು ಅನುಭವಿಸುವವರು ನಕ್ಷೆಯನ್ನು ರಚಿಸಿದವರಲ್ಲ, ಆ ಊರಿನ ಜನರು.

ಆದುದರಿಂದ ಅಂತರಿಕ್ಷದ ಅಳತೆಯನ್ನು ಒರೆಗೆ ಹಚ್ಚಲು ನೆಲದ ಮೇಲೆ ನಿಂತು ಎಚ್ಚರದಿಂದ ಅಳೆದ ಬಿಂದುಗಳು ಇಂದಿಗೂ ಅವಶ್ಯಕವಾಗಿವೆ. ಯಂತ್ರವನ್ನು ಹೊತ್ತು ಬೆಟ್ಟವನ್ನೇರಿದವರ ಕಾಯಕವು ನಿರರ್ಥಕವಾಗಿಲ್ಲ. ಹೊಸ ವಿದ್ಯೆಯು ಅದರ ಹೆಗಲ ಮೇಲೆಯೇ ನಿಂತಿದೆ.