ಅಭಿಮಾನಿಗಳು ಯಾರ ಹೆಸರು ಕೂಗಿದರು? ಪೆನ್ ಸ್ಟೇಟ್ ಪ್ರಸಂಗ, 2011

ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜವಂಶಗಳು, ಯುದ್ಧಗಳು, ಒಪ್ಪಂದಗಳು. ಆದರೆ ಆಟದ ಮೈದಾನದ ಸುತ್ತ ಸೇರುವ ಜನಸಮೂಹಕ್ಕೂ ಒಂದು ಇತಿಹಾಸವುಂಟು. ಜನ ಯಾರಿಗೆ ಜೈಕಾರ ಹಾಕಿದರು, ಯಾವಾಗ ಸಿಟ್ಟಿಗೆದ್ದರು, ಯಾವಾಗ ಮೌನವಾಗಿ ನಿಂತರು ಎಂಬುದನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ಸಮಾಜದ ಮನಸ್ಸು ನಮಗೆ ತಿಳಿಯುತ್ತದೆ.

ಅಂಥ ಒಂದು ಘಟನೆ ನಡೆದದ್ದು 2011ರ ನವೆಂಬರ್ ತಿಂಗಳಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಾವಿರಾರು ವಿದ್ಯಾರ್ಥಿಗಳು ಒಂದು ರಾತ್ರಿ ಬೀದಿಗಿಳಿದರು. ದೀಪದ ಕಂಬಗಳನ್ನು ಉರುಳಿಸಿದರು. ದೂರದರ್ಶನ ಸುದ್ದಿ ಸಂಸ್ಥೆಯೊಂದರ ವ್ಯಾನನ್ನು ಮಗುಚಿ ಹಾಕಿದರು. ಶುಲ್ಕ ಹೆಚ್ಚಿತೆಂದಾಗಲಿ, ಪರೀಕ್ಷೆ ಕಠಿಣವಾಯಿತೆಂದಾಗಲಿ ಅವರು ಹೊರಬಂದಿರಲಿಲ್ಲ. ತಮ್ಮ ಫುಟ್‌ಬಾಲ್ ತರಬೇತುದಾರನನ್ನು ಕೆಲಸದಿಂದ ತೆಗೆದರೆಂಬುದು ಅವರ ಸಿಟ್ಟಿಗೆ ಕಾರಣವಾಗಿತ್ತು. ಆತನನ್ನು ಏಕೆ ತೆಗೆದರು ಎಂಬುದನ್ನು ತಿಳಿದ ಮೇಲೆ ಆ ರಾತ್ರಿಯ ಗಲಭೆ ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚುತ್ತದೆ.

ಊರು, ಆಟ ಮತ್ತು ಗುರು

ನಮ್ಮ ದೇಶದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನೋಡಲು ಸಾಮಾನ್ಯವಾಗಿ ಕೆಲವು ನೂರು ಜನ ಸೇರಿದರೆ ಹೆಚ್ಚು. ಅಮೆರಿಕದಲ್ಲಿ ಹಾಗಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಫುಟ್‌ಬಾಲ್ ಆಟದಲ್ಲಿ ಕಾಲೇಜು ತಂಡಗಳಿಗೆ ವೃತ್ತಿಪರ ತಂಡಗಳಷ್ಟೇ ಅಭಿಮಾನಿಗಳಿದ್ದಾರೆ. ಪೆನ್ ಸ್ಟೇಟ್ ಇರುವ ಊರಿನ ಹೆಸರೇ ಸ್ಟೇಟ್ ಕಾಲೇಜ್. 2010ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ ಸುಮಾರು 42 ಸಾವಿರ. ಅಲ್ಲಿನ ಬೀವರ್ ಕ್ರೀಡಾಂಗಣದಲ್ಲಿ ಕೂರಬಲ್ಲವರು ಒಂದು ಲಕ್ಷ ಆರು ಸಾವಿರಕ್ಕೂ ಹೆಚ್ಚು. ಪಂದ್ಯದ ಶನಿವಾರಗಳಂದು ಊರಿಗೆ ಊರೇ ಜಾತ್ರೆಯಾಗುತ್ತಿತ್ತು. ಮುಂದಿನ ಸಾಲಿನ ಸ್ಥಳಕ್ಕಾಗಿ ವಿದ್ಯಾರ್ಥಿಗಳು ಕ್ರೀಡಾಂಗಣದ ಹೊರಗೆ ಡೇರೆ ಹಾಕಿಕೊಂಡು ದಿನಗಟ್ಟಲೆ ಕಾಯುತ್ತಿದ್ದರು. ಆ ಡೇರೆಗಳ ಬಿಡಾರಕ್ಕೆ ಅವರು ಇಟ್ಟಿದ್ದ ಹೆಸರು ‘ಪಟರ್ನೋವಿಲ್’, ಅಂದರೆ ಪಟರ್ನೋನ ಊರು.

ಈ ಜೋ ಪಟರ್ನೋ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1926ರಲ್ಲಿ ಹುಟ್ಟಿದವರು. ಇಂಗ್ಲಿಷ್ ಸಾಹಿತ್ಯ ಓದಿದವರು. 1950ರಲ್ಲಿ ಸಹಾಯಕ ತರಬೇತುದಾರರಾಗಿ ಪೆನ್ ಸ್ಟೇಟ್‌ಗೆ ಬಂದರು. 1966ರಲ್ಲಿ ಮುಖ್ಯ ತರಬೇತುದಾರರಾದರು. 1982 ಮತ್ತು 1986ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ಜನ ಅವರನ್ನು ಮೆಚ್ಚಿದ್ದು ಗೆಲುವಿಗಾಗಿ ಮಾತ್ರವಲ್ಲ. ಆಟಗಾರ ಮೊದಲು ವಿದ್ಯಾರ್ಥಿಯಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಅವರ ಆಟಗಾರರಲ್ಲಿ ಪದವಿ ಪೂರೈಸುವವರ ಪ್ರಮಾಣ ದೇಶದ ಸರಾಸರಿಗಿಂತ ಮೇಲಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರು ದೊಡ್ಡ ಮೊತ್ತದ ದೇಣಿಗೆ ಕೊಟ್ಟಿದ್ದರು. ಅದರ ಒಂದು ಭಾಗಕ್ಕೆ ಅವರ ಹೆಸರೇ ಇದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಿದ್ಯಾರ್ಥಿ ಆಟಗಾರ ನಾಲ್ಕೈದು ವರ್ಷ ಆಡಿ ಹೊರಟುಹೋಗುತ್ತಾನೆ. ಉಳಿಯುವವನು ತರಬೇತುದಾರ. ತಂದೆ ಓದುವಾಗಲೂ ಪಟರ್ನೋ, ಮಗಳು ಓದುವಾಗಲೂ ಪಟರ್ನೋ. ಹೀಗೆ 46 ಋತುಗಳಲ್ಲಿ ಅವರ ಮುಖವೇ ಸಂಸ್ಥೆಯ ಮುಖವಾಯಿತು. 2001ರಲ್ಲಿ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆಯೂ ಬಂತು. ಬದುಕಿರುವಾಗಲೇ ಪ್ರತಿಮೆಯಾದವರನ್ನು ಪ್ರಶ್ನಿಸುವುದು ಸುಲಭವಲ್ಲ.

ಎಂಟು ದಿನಗಳು

2011ರ ಅಕ್ಟೋಬರ್ 29ರಂದು ಪಟರ್ನೋ ತಮ್ಮ 409ನೆಯ ಗೆಲುವನ್ನು ಕಂಡರು. ಸರಿಯಾಗಿ ಒಂದು ವಾರದ ಬಳಿಕ, ನವೆಂಬರ್ 5ರಂದು, ಅವರ ಬಳಿ ಬಹುಕಾಲ ಸಹಾಯಕರಾಗಿದ್ದ ಜೆರಿ ಸ್ಯಾಂಡಸ್ಕಿಯನ್ನು ಪೊಲೀಸರು ಬಂಧಿಸಿದರು. ಸ್ಯಾಂಡಸ್ಕಿ 1977ರಲ್ಲಿ ಕಷ್ಟದಲ್ಲಿರುವ ಮಕ್ಕಳಿಗೆಂದು ‘ಸೆಕೆಂಡ್ ಮೈಲ್’ ಎಂಬ ಸೇವಾಸಂಸ್ಥೆಯನ್ನು ಕಟ್ಟಿದ್ದ. ಆ ಸಂಸ್ಥೆಯ ಮೂಲಕ ಪರಿಚಯವಾದ ಬಾಲಕರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದನೆಂಬುದು ಆರೋಪ. 1999ರಲ್ಲಿ ನಿವೃತ್ತನಾದ ಮೇಲೂ ವಿಶ್ವವಿದ್ಯಾಲಯದ ಕ್ರೀಡಾ ಕಟ್ಟಡಗಳಿಗೆ ಅವನಿಗೆ ಪ್ರವೇಶವಿತ್ತು.

2001ರಲ್ಲಿ ಒಬ್ಬ ಕಿರಿಯ ಸಹಾಯಕ ಅಲ್ಲಿನ ಸ್ನಾನಗೃಹದಲ್ಲಿ ತಾನು ಕಂಡದ್ದನ್ನು ಮರುದಿನವೇ ಪಟರ್ನೋ ಅವರಿಗೆ ತಿಳಿಸಿದ್ದ. ಪಟರ್ನೋ ಅದನ್ನು ತಮ್ಮ ಮೇಲಧಿಕಾರಿಗೆ ತಿಳಿಸಿದರು. ಅಲ್ಲಿಗೆ ಮಾತು ನಿಂತಿತು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಕಾನೂನಿನ ಲೆಕ್ಕದಲ್ಲಿ ಪಟರ್ನೋ ಮೇಲೆ ಯಾವ ಆರೋಪವೂ ಬರಲಿಲ್ಲ. ಆದರೆ ಊರಿನಲ್ಲೇ ಎಲ್ಲರಿಗಿಂತ ಪ್ರಭಾವಶಾಲಿಯಾದ ವ್ಯಕ್ತಿ ಹತ್ತು ವರ್ಷ ಮತ್ತೆ ಏಕೆ ವಿಚಾರಿಸಲಿಲ್ಲ ಎಂಬ ಪ್ರಶ್ನೆ ಉಳಿಯಿತು.

ನವೆಂಬರ್ 8ರಂದು ವಿದ್ಯಾರ್ಥಿಗಳು ಪಟರ್ನೋ ಮನೆಯ ಅಂಗಳದಲ್ಲಿ ನೆರೆದು ಅವರ ಪರ ಘೋಷಣೆ ಕೂಗಿದರು. ನೊಂದ ಮಕ್ಕಳಿಗಾಗಿ ಪ್ರಾರ್ಥಿಸಿ ಎಂದು ಪಟರ್ನೋ ಅವರೇ ಆ ಗುಂಪಿಗೆ ಹೇಳಬೇಕಾಯಿತು. 9ರ ಬೆಳಿಗ್ಗೆ, ಋತುವಿನ ಕೊನೆಗೆ ನಿವೃತ್ತನಾಗುವೆ ಎಂದು ಅವರು ಪ್ರಕಟಿಸಿದರು. ತಾನು ಇನ್ನೂ ಹೆಚ್ಚು ಮಾಡಬೇಕಿತ್ತು ಎಂದೂ ಒಪ್ಪಿಕೊಂಡರು. ಅಂದು ರಾತ್ರಿಯೇ ಆಡಳಿತ ಮಂಡಲಿ ಅವರನ್ನು ದೂರವಾಣಿಯ ಮೂಲಕ ವಜಾ ಮಾಡಿತು. ಕುಲಾಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಕೂಡ ಹುದ್ದೆ ಕಳೆದುಕೊಂಡರು. ಗಲಭೆ ನಡೆದದ್ದು ಆಗಲೇ.

ಎರಡೇ ದಿನದಲ್ಲಿ ದೃಶ್ಯ ಬದಲಾಯಿತು. ನವೆಂಬರ್ 11ರ ರಾತ್ರಿ ಅದೇ ವಿದ್ಯಾರ್ಥಿ ಸಮುದಾಯದ ಸಾವಿರಾರು ಜನ ವಿಶ್ವವಿದ್ಯಾಲಯದ ಹಳೆಯ ಆಡಳಿತ ಭವನದ ಮುಂದೆ ಮೊಂಬತ್ತಿ ಹಿಡಿದು ಸೇರಿದರು. ಈ ಬಾರಿ ಸೇರಿದ್ದು ನೊಂದ ಮಕ್ಕಳಿಗಾಗಿ. 12ರಂದು ನೆಬ್ರಾಸ್ಕಾ ತಂಡದೊಡನೆ ಪಂದ್ಯವಿತ್ತು. 1966ರಿಂದ ಈಚೆಗೆ ಮೊದಲ ಬಾರಿ ಬೇರೊಬ್ಬ ಮುಖ್ಯ ತರಬೇತುದಾರನ ಕೈಕೆಳಗೆ ಪೆನ್ ಸ್ಟೇಟ್ ಆಡುತ್ತಿತ್ತು. ಆಟಕ್ಕೆ ಮುನ್ನ ಎರಡೂ ತಂಡಗಳ ಆಟಗಾರರು ಮೈದಾನದ ನಡುವೆ ಮಂಡಿಯೂರಿದರು. ಲಕ್ಷ ಜನ ತುಂಬಿದ್ದ ಕ್ರೀಡಾಂಗಣ ಸದ್ದಡಗಿತು. ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧದ ಸಂಕೇತವಾಗಿ ಅನೇಕರು ನೀಲಿ ಬಟ್ಟೆ ತೊಟ್ಟು ಬಂದಿದ್ದರು. ಹಳೆಯ ವಿದ್ಯಾರ್ಥಿಗಳ ಒಂದು ಗುಂಪು ದೌರ್ಜನ್ಯಕ್ಕೊಳಗಾದವರ ನೆರವಿಗೆ ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿತು.

ಸಿಟ್ಟು ಯಾರ ಮೇಲೆ?

ಹಾಗಾದರೆ ನವೆಂಬರ್ 9ರ ಜನ ಕೆಟ್ಟವರು, 11ರ ಜನ ಒಳ್ಳೆಯವರು ಎನ್ನೋಣವೇ? ಅಷ್ಟು ಸರಳವಲ್ಲ. ಎರಡೂ ರಾತ್ರಿ ಬಂದವರು ಒಂದೇ ಊರಿನ, ಒಂದೇ ವಯಸ್ಸಿನವರು. ಎರಡೂ ಕಡೆ ಇದ್ದವರೂ ಇದ್ದಿರಬಹುದು. ವ್ಯತ್ಯಾಸ ಅವರು ತಮಗೆ ತಾವೇ ಕೇಳಿಕೊಂಡ ಪ್ರಶ್ನೆಯಲ್ಲಿತ್ತು. ಮೊದಲ ರಾತ್ರಿಯ ಪ್ರಶ್ನೆ, ‘ನಮಗೆ ಏನು ಮಾಡಿದರು?’ ಎರಡನೆಯ ರಾತ್ರಿಯದು, ‘ಆ ಮಕ್ಕಳಿಗೆ ಏನಾಯಿತು?’

ಅಭಿಮಾನಿಗೆ ತನ್ನ ನಾಯಕನ ಗೌರವ ತನ್ನದೇ ಗೌರವ. ಗೆದ್ದಾಗ ‘ನಾವು ಗೆದ್ದೆವು’ ಎನ್ನುವವನಿಗೆ ನಾಯಕನ ಮೇಲೆ ಬಂದ ಮಾತು ತನ್ನ ಮೇಲೆ ಬಂದಂತೆಯೇ ಕೇಳಿಸುತ್ತದೆ. ಆಗ ಆತ ಎದುರಾಳಿಯನ್ನು ಹುಡುಕುತ್ತಾನೆ. ಆ ರಾತ್ರಿ ಪತ್ರಕರ್ತರ ವ್ಯಾನು ಉರುಳಿದ್ದು ಹೀಗೆ. ಕಂಡದ್ದನ್ನು ಹೇಳಿದ್ದ ಸಹಾಯಕ ಅಷ್ಟರಲ್ಲಿ ತಂಡದ ತರಬೇತುದಾರರಲ್ಲಿ ಒಬ್ಬನಾಗಿದ್ದ. ಬೆದರಿಕೆಗಳು ಬಂದದ್ದರಿಂದ ನೆಬ್ರಾಸ್ಕಾ ಪಂದ್ಯಕ್ಕೆ ಅವನು ಬರಲಾಗಲಿಲ್ಲ. ಎಲ್ಲಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಮೊದಲು ದೂರು ಕೊಟ್ಟ ಹುಡುಗನನ್ನು ಅವನ ಶಾಲೆಯಲ್ಲೇ ಪೀಡಿಸಿದರು, ಪಟರ್ನೋ ಕೆಲಸ ಹೋದದ್ದಕ್ಕೆ ಅವನೇ ಕಾರಣವೆಂದು ದೂರಿದರು, ಅವನು ಶಾಲೆ ಬಿಡಬೇಕಾಯಿತು ಎಂದು ಆಗ ವರದಿಯಾಯಿತು. ತಪ್ಪು ಮಾಡಿದವನೊಬ್ಬ, ಸುಮ್ಮನಿದ್ದವರು ಕೆಲವರು. ಅಭಿಮಾನದ ಸಿಟ್ಟು ಬಂದು ಎರಗಿದ್ದು ಬಾಯಿಬಿಟ್ಟವನ ಮೇಲೆ.

ಪ್ರತಿಮೆ, ಅಂಕಿಗಳು, ತೀರ್ಪು

ಪಟರ್ನೋ 2012ರ ಜನವರಿ 22ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಊರಿನ ಗೋಡೆಯೊಂದರ ದೊಡ್ಡ ಚಿತ್ರದಲ್ಲಿ ಅವರೂ ಇದ್ದರು. ಸಾವಿನ ಬಳಿಕ ಕಲಾವಿದ ಅವರ ತಲೆಯ ಮೇಲೆ ಪ್ರಭಾವಲಯವನ್ನು ಬರೆದ. ಅದೇ ಚಿತ್ರದಿಂದ ಸ್ಯಾಂಡಸ್ಕಿಯನ್ನು ಮೊದಲೇ ಅಳಿಸಲಾಗಿತ್ತು. ಜೂನ್ 22ರಂದು ನ್ಯಾಯಾಲಯದಲ್ಲಿ ಸ್ಯಾಂಡಸ್ಕಿ 45 ಆರೋಪಗಳಲ್ಲಿ ಅಪರಾಧಿಯೆಂದು ಸಾಬೀತಾಯಿತು. ಅಕ್ಟೋಬರ್‌ನಲ್ಲಿ 30ರಿಂದ 60 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಈ ನಡುವೆ ವಿಶ್ವವಿದ್ಯಾಲಯವೇ ನೇಮಿಸಿದ ತನಿಖೆಯ ವರದಿ ಜುಲೈ 12ರಂದು ಬಂತು. ಎಫ್.ಬಿ.ಐ.ನ ಮಾಜಿ ನಿರ್ದೇಶಕ ಲೂಯಿಸ್ ಫ್ರೀ ಬರೆದ ಆ ವರದಿ, ಪಟರ್ನೋ ಸೇರಿದಂತೆ ಮುಖ್ಯಸ್ಥರು ಸಂಸ್ಥೆಗೆ ಕೆಟ್ಟ ಹೆಸರು ಬಾರದಿರಲೆಂದು ವಿಷಯವನ್ನು ಮುಚ್ಚಿಟ್ಟರು ಎಂದಿತು. ಪಟರ್ನೋ ಕುಟುಂಬ ಇದನ್ನು ಒಪ್ಪಲಿಲ್ಲ. 2013ರಲ್ಲಿ ತನ್ನದೇ ಪ್ರತಿವರದಿಯನ್ನು ಹೊರಡಿಸಿತು. ಗೋಡೆಯ ಚಿತ್ರದ ಪ್ರಭಾವಲಯ ಅಳಿಯಿತು. ಜುಲೈ 22ರ ಬೆಳಿಗ್ಗೆ ಪ್ರತಿಮೆಯನ್ನೂ ತೆಗೆದರು. ಮರುದಿನವೇ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್.ಸಿ.ಎ.ಎ. ಆರು ಕೋಟಿ ಡಾಲರ್ ದಂಡ ವಿಧಿಸಿತು, 1998ರಿಂದ 2011ರವರೆಗಿನ ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. 409 ಗೆಲುವುಗಳು 298ಕ್ಕೆ ಇಳಿದವು.

ಅಭಿಮಾನಿಗಳಲ್ಲಿ ಮತ್ತೆ ವಾದ ಎದ್ದಿತು. ಅಂದು ಬೆವರು ಸುರಿಸಿ ಆಡಿದ ಹುಡುಗರ ತಪ್ಪೇನು ಎಂದು ಕೆಲವರು ಕೇಳಿದರು; ಅದು ನ್ಯಾಯವಾದ ಪ್ರಶ್ನೆಯೇ. 2015ರ ಜನವರಿಯಲ್ಲಿ ಒಂದು ಒಪ್ಪಂದದ ಮೂಲಕ ಆ ಗೆಲುವುಗಳನ್ನು ಮತ್ತೆ ದಾಖಲೆಗೆ ಸೇರಿಸಲಾಯಿತು. ದಂಡದ ಹಣ ಪೆನ್ಸಿಲ್ವೇನಿಯಾದಲ್ಲೇ ಮಕ್ಕಳ ರಕ್ಷಣೆಗೆ ವೆಚ್ಚವಾಗಬೇಕೆಂದು ನಿರ್ಧಾರವಾಯಿತು. 2017ರಲ್ಲಿ ಇಬ್ಬರು ಮಾಜಿ ಅಧಿಕಾರಿಗಳು ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ತಪ್ಪನ್ನು ಒಪ್ಪಿಕೊಂಡರು; ಅದೇ ತಪ್ಪಿಗೆ ಸ್ಪ್ಯಾನಿಯರ್ ಕೂಡ ಅಪರಾಧಿ ಎನಿಸಿ 2021ರಲ್ಲಿ ಸುಮಾರು ಎರಡು ತಿಂಗಳು ಸೆರೆಯಲ್ಲಿದ್ದರು.

2016ರ ಸೆಪ್ಟೆಂಬರ್ 17ರಂದು ಪಟರ್ನೋ ಮುಖ್ಯ ತರಬೇತುದಾರರಾಗಿ ನಡೆಸಿದ ಮೊದಲ ಪಂದ್ಯದ ಐವತ್ತನೆಯ ವರ್ಷವನ್ನು ಕ್ರೀಡಾಂಗಣದಲ್ಲಿ ಸ್ಮರಿಸಿದಾಗ, ಹಲವರು ಸಂತೋಷಪಟ್ಟರು, ಹಲವರು ವಿರೋಧಿಸಿದರು. ವಿರೋಧಿಸಿದವರಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯೂ ಸೇರಿತ್ತು. ಐದು ವರ್ಷಗಳಲ್ಲಿ ಒಂದು ಹೊಸ ಪೀಳಿಗೆ ಅಲ್ಲಿ ಓದಲು ಬಂದಿತ್ತು ಎಂಬುದನ್ನು ಮರೆಯಬಾರದು.

ನಾವು ಕಲಿಯಬೇಕಾದದ್ದು

ಈ ಪ್ರಸಂಗದಿಂದ ಅಭಿಮಾನವೇ ಕೆಟ್ಟದ್ದೆಂದು ತೀರ್ಮಾನಿಸುವುದು ತಪ್ಪಾದೀತು. ಮೊಂಬತ್ತಿ ಹಿಡಿದವರೂ, ಹಣ ಕೂಡಿಸಿದವರೂ ಅಭಿಮಾನಿಗಳೇ. ಪಟರ್ನೋ ಮಾಡಿದ ಒಳ್ಳೆಯ ಕೆಲಸಗಳೂ ಸುಳ್ಳಲ್ಲ. ತೊಡಕು ಇರುವುದು ಅಲ್ಲಿಯೇ. ಮೆಚ್ಚಲು ನಿಜವಾದ ಕಾರಣಗಳಿದ್ದಾಗಲೇ ನಮ್ಮ ಕಣ್ಣು ಬೇರೆಯದನ್ನು ಕಾಣಲು ಒಪ್ಪುವುದಿಲ್ಲ. ಒಬ್ಬರ ಒಳ್ಳೆಯತನದ ಲೆಕ್ಕ ಒಂದು ಪುಟದಲ್ಲಿದ್ದರೆ ಅವರು ಮಾಡದೆ ಬಿಟ್ಟ ಕರ್ತವ್ಯದ ಲೆಕ್ಕ ಇನ್ನೊಂದು ಪುಟದಲ್ಲಿರುತ್ತದೆ. ಇತಿಹಾಸ ಓದುವವರು ಎರಡನ್ನೂ ಓದಬೇಕು. ಒಂದನ್ನು ಹರಿದು ಇನ್ನೊಂದನ್ನು ಉಳಿಸಿಕೊಳ್ಳುವಂತಿಲ್ಲ.

‘ಮೇಲಿನವರಿಗೆ ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು’ ಎಂಬ ಮಾತು ಎಲ್ಲ ದೇಶಗಳ ಕಚೇರಿಗಳಲ್ಲೂ ಕೇಳಿಬರುತ್ತದೆ. ನಮ್ಮ ದೇಶದ ಕಾನೂನು ಈಗ ಇದನ್ನು ಒಪ್ಪುವುದಿಲ್ಲ. ಪೋಕ್ಸೋ ಎಂದು ಕರೆಯಲಾಗುವ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂತು. ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೇ ತಿಳಿಸಬೇಕು. ತಿಳಿಸದಿದ್ದರೆ ಅದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ತಿಳಿಸಲಿಲ್ಲವೆಂದು ಮಕ್ಕಳನ್ನು ಶಿಕ್ಷಿಸುವಂತಿಲ್ಲ. ನೆರವು ಬೇಕಾದ ಮಕ್ಕಳಿಗೆ 1098 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಮೆಚ್ಚಿನ ಆಟಗಾರರು, ಗುರುಗಳು, ತಂಡಗಳು ಇರುತ್ತವೆ, ಇರಲೂ ಬೇಕು. ಎಂದಾದರೂ ಅವರ ಮೇಲೆ ಒಂದು ದೂರು ಕೇಳಿಬಂದರೆ ಅದು ನಿಜವೆಂದು ಒಡನೆ ನಂಬಬೇಕಾಗಿಲ್ಲ, ಸುಳ್ಳೆಂದು ಒಡನೆ ಬೀದಿಗಿಳಿಯಲೂ ಬೇಕಾಗಿಲ್ಲ. ಅದನ್ನು ವಿಚಾರಿಸಲು ನ್ಯಾಯಾಲಯಗಳಿವೆ. ಆದರೆ ದೂರು ಕೊಟ್ಟವನು ನಿಮ್ಮ ತರಗತಿಯಲ್ಲೇ ಇದ್ದರೆ, ಮರುದಿನ ಅವನ ಪಕ್ಕದ ಜಾಗ ಖಾಲಿಯಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. 2011ರ ಆ ನವೆಂಬರ್‌ನಲ್ಲಿ ಒಬ್ಬ ಹುಡುಗನಿಗೆ ದೊರೆಯದೆ ಹೋದದ್ದು ಅದೇ.