ವಿರೂಪಾಕ್ಷ ದೇವಾಲಯ, ಹಂಪಿ

ವಿಜಯನಗರ ಜಿಲ್ಲೆಯ ಹಂಪಿಯಲ್ಲಿ, ತುಂಗಭದ್ರೆಯ ದಕ್ಷಿಣ ದಂಡೆಯ ಮೇಲಿರುವ ಶಿವಾಲಯ. ವಿಜಯನಗರದ ಹಲವು ಅರಸರ ತಾಮ್ರಶಾಸನಗಳ ಕೊನೆಗೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವಿದೆ. 1510ರ ಸುಮಾರಿಗೆ ಕೃಷ್ಣದೇವರಾಯ ಪಟ್ಟಾಭಿಷೇಕದ ನೆನಪಿಗೆ ರಂಗಮಂಟಪ ಕಟ್ಟಿಸಿದ. ಇದರಿಂದ ಕ್ಷೇತ್ರವೇ ಅರಸರ ಸೃಷ್ಟಿ ಎನಿಸಬಹುದು. ಆದರೆ ಪಕ್ಕದ ಹೇಮಕೂಟ ಗುಡ್ಡದ ಕೆಲವು ಗುಡಿಗಳು ಸಾಮ್ರಾಜ್ಯಕ್ಕಿಂತ ಹಳೆಯವು. ಹಾಗಾಗಿ ಕ್ಷೇತ್ರದ ಮೂಲವನ್ನು ಅರಮನೆಗಿಂತ ಇಲ್ಲಿನ ನದಿತೀರದ ದೇವತೆ ಪಂಪಾದೇವಿಯ ಆರಾಧನೆಯಲ್ಲಿ ಹುಡುಕುವುದೇ ಸರಿ. ಸ್ಥಳಪುರಾಣದಂತೆ ಪಂಪೆ ಶಿವನಿಗಾಗಿ ತಪಸ್ಸು ಮಾಡಿದಳು. ತನ್ನ ಧ್ಯಾನ ಕೆಡಿಸಲು ಬಂದ ಮನ್ಮಥನನ್ನು ಶಿವ ಸುಟ್ಟದ್ದು ಹೇಮಕೂಟದಲ್ಲಿ; ಕೊನೆಗೆ ಅವನು ಪಂಪೆಯನ್ನು ಮದುವೆಯಾದ.

ಮುಖ್ಯ ಗರ್ಭಗುಡಿ ವಿರೂಪಾಕ್ಷನದು, ಪಂಪೆಯದು ಉತ್ತರಕ್ಕಿರುವ ಉಪಗುಡಿ. ಹಾಗಿರುವಾಗ ಅವಳು ಮೊದಲಿಗಳು ಹೇಗೆ ಎಂಬ ಆಕ್ಷೇಪ ಸಹಜ. ಕಟ್ಟಡ ಹೇಳುವುದು ಕಟ್ಟಿಸಿದವರ ಒಲವನ್ನು. ಹಳೆಯ ಸಂಬಂಧ ಉಳಿದಿರುವುದು ಆಚರಣೆಯಲ್ಲಿ. ವರ್ಷದ ಎರಡು ದೊಡ್ಡ ಉತ್ಸವಗಳಾದ ಫಲಪೂಜೆ (ನಿಶ್ಚಿತಾರ್ಥ) ಮತ್ತು ಚೈತ್ರದ ಕಲ್ಯಾಣೋತ್ಸವ, ಎರಡೂ ದೇವಿಯ ಮದುವೆಯವೇ. ರಂಗಮಂಟಪದ ಚಾವಣಿಚಿತ್ರದಲ್ಲಿಯೂ ಧ್ಯಾನಸ್ಥ ಶಿವನತ್ತ ಮನ್ಮಥ ಬಾಣ ಹೂಡಿದ್ದಾನೆ, ಕಲ್ಯಾಣದ ದೃಶ್ಯವೂ ಇದೆ. ನದಿತೀರದ ದೇವತೆ ವಿವಾಹದ ಮೂಲಕ ಶೈವ ಪರಂಪರೆಗೆ ಸೇರಿದಳೆಂಬ ವಿವರಣೆಯೇ ಈ ಎಲ್ಲಕ್ಕೂ ಹೊಂದುತ್ತದೆ. 1565ರಲ್ಲಿ ರಾಜಧಾನಿ ಹಾಳಾದರೂ ಗುಡಿ ಉಳಿಯಿತು. ಇಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ.