ಮಾತು, ಹಾಡು ಮತ್ತು ನ್ಯಾಯ: ನರಮೇಧೋತ್ತರ ರುವಾಂಡದ ಒಂದು ಅಧ್ಯಯನ

ಜನಾಂಗೀಯ ಯುದ್ಧದಿಂದ ಛಿದ್ರಗೊಂಡ ನಾಡಿನಲ್ಲಿ ಶಾಂತಿ ಮತ್ತು ನ್ಯಾಯಗಳನ್ನು ಮರುಸ್ಥಾಪಿಸಿದ ಪ್ರಯತ್ನಗಳನ್ನು ಸಾಮಾನ್ಯವಾಗಿ ಒಪ್ಪಂದಗಳ, ಶಾಂತಿಪಾಲನಾ ಪಡೆಗಳ ಹಾಗೂ ನ್ಯಾಯಾಲಯಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಆಫ್ರಿಕದ ರುವಾಂಡದ ಮಟ್ಟಿಗೆ ಈ ಕ್ರಮ ಸಾಲದು. ಅಲ್ಲಿ ದ್ವೇಷ ಹರಡಿದ್ದು ಬಹುಮಟ್ಟಿಗೆ ಮಾತು ಮತ್ತು ಹಾಡುಗಳ ಮೂಲಕ; ನ್ಯಾಯವೂ ಬಹುಮಟ್ಟಿಗೆ ಬಾಯಿಮಾತಿನ ಸಾಕ್ಷ್ಯವನ್ನೇ ಅವಲಂಬಿಸಬೇಕಾಯಿತು. ಆದುದರಿಂದ ಇದು ಜಾನಪದ ಅಧ್ಯಯನದ ವ್ಯಾಪ್ತಿಗೂ ಸೇರಿದ ವಿಷಯವಾಗಿದೆ.

ರುವಾಂಡದ ಹುಟು, ಟುಟ್ಸಿ ಮತ್ತು ಟ್ವಾ ಸಮುದಾಯಗಳಿಗೆ ಭಾಷೆ ಒಂದೇ, ಕಿನ್ಯರ್ವಾಂಡ. ಹೀಗಿದ್ದರೂ 1930ರ ದಶಕದಲ್ಲಿ ಬೆಲ್ಜಿಯನ್ ಆಡಳಿತವು ಗುರುತಿನ ಚೀಟಿಗಳಲ್ಲಿ ಕುಲವನ್ನು ನಮೂದಿಸುವ ಪದ್ಧತಿಯನ್ನು ತಂದು, ಸಾಮಾಜಿಕ ಅಂತರವನ್ನು ಬದಲಾಗದ ಜನಾಂಗಭೇದವಾಗಿ ಗಟ್ಟಿಗೊಳಿಸಿತು. 1990ರಲ್ಲಿ ಆರಂಭವಾದ ಅಂತರ್ಯುದ್ಧವನ್ನು 1993ರ ಅರುಷಾ ಒಪ್ಪಂದ ನಿಲ್ಲಿಸಲು ಯತ್ನಿಸಿತು. ಆದರೆ 1994ರ ಏಪ್ರಿಲ್ 7ರಿಂದ ಸುಮಾರು ನೂರು ದಿನಗಳ ಅವಧಿಯಲ್ಲಿ ಲಕ್ಷಾಂತರ ಟುಟ್ಸಿಗಳನ್ನೂ ಹತ್ಯೆಯನ್ನು ವಿರೋಧಿಸಿದ ಹುಟುಗಳನ್ನೂ ಕೊಲ್ಲಲಾಯಿತು. ಸತ್ತವರ ಸಂಖ್ಯೆಯ ಅಂದಾಜುಗಳು ಐದು ಲಕ್ಷದಿಂದ ಹತ್ತು ಲಕ್ಷಕ್ಕೂ ಮೇಲ್ಪಟ್ಟಿವೆ. ಹತ್ಯಾಕಾಂಡ ನಡೆಯುತ್ತಿದ್ದಾಗಲೇ ಭದ್ರತಾ ಮಂಡಳಿಯು ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ತಗ್ಗಿಸಲು ನಿರ್ಣಯಿಸಿತು. ಮುಂದಿನ ಅಂತರರಾಷ್ಟ್ರೀಯ ಪ್ರಯತ್ನಗಳೆಲ್ಲ ಈ ವೈಫಲ್ಯದ ನೆರಳಿನಲ್ಲಿಯೇ ನಡೆದವು.

1994ರ ನವೆಂಬರ್ 8ರಂದು ಭದ್ರತಾ ಮಂಡಳಿಯು 955ನೆಯ ನಿರ್ಣಯದ ಮೂಲಕ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದನ್ನು ಸ್ಥಾಪಿಸಿತು. ಮಂಡಳಿಯ ಸದಸ್ಯನಾಗಿದ್ದ ರುವಾಂಡವೇ ನಿರ್ಣಯದ ವಿರುದ್ಧ ಮತ ಚಲಾಯಿಸಿತೆಂಬುದು ಗಮನಾರ್ಹ. ಮರಣದಂಡನೆಯ ನಿಷೇಧ ಹಾಗೂ ವಿಚಾರಣೆಗೆ ಒಳಪಡುವ ಅವಧಿಯ ಮಿತಿ ಅದರ ಆಕ್ಷೇಪಗಳಲ್ಲಿ ಮುಖ್ಯವಾಗಿದ್ದವು. ಟಾಂಜಾನಿಯದ ಅರುಷಾ ನಗರದಲ್ಲಿ ನೆಲೆಗೊಂಡ ಈ ನ್ಯಾಯಮಂಡಳಿ 2015ರ ಅಂತ್ಯದಲ್ಲಿ ಮುಚ್ಚುವವರೆಗೆ 93 ಜನರ ಮೇಲೆ ಆರೋಪ ಹೊರಿಸಿ, 62 ಜನರಿಗೆ ಶಿಕ್ಷೆ ವಿಧಿಸಿತು. 14 ಜನರು ಖುಲಾಸೆಯಾದರು. 1998ರ ಅಕಯೇಸು ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಬಾರಿಗೆ ನರಮೇಧದ ಅಪರಾಧಕ್ಕಾಗಿ ತೀರ್ಪು ನೀಡಿತು. ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದೆಂದು ಎತ್ತಿಹಿಡಿಯಿತು.

ಅದೇ ತೀರ್ಪಿನ ಇನ್ನೊಂದು ಮುಖದತ್ತ ಜಾನಪದ ವಿದ್ವಾಂಸರು ಗಮನ ಹರಿಸಬೇಕಾಗಿದೆ. ‘ಇನ್ಯೆಂಜಿ’, ಅಂದರೆ ಜಿರಳೆ, ಎಂಬಂತಹ ಮಾತುಗಳು ಆ ಸಂದರ್ಭದಲ್ಲಿ ಪಡೆದ ಅರ್ಥವನ್ನು ತಿಳಿಯಲು ನ್ಯಾಯಾಧೀಶರು ಭಾಷಾತಜ್ಞರ ನೆರವು ಪಡೆದರು. ಮೌಖಿಕ ಪರಂಪರೆಯಲ್ಲಿ ಬೆಳೆದ ಸಾಕ್ಷಿಗಳು ತಾವು ಕಂಡದ್ದನ್ನೂ ಇತರರಿಂದ ಕೇಳಿದ್ದನ್ನೂ ಒಂದೇ ನಿರೂಪಣೆಯಲ್ಲಿ ಹೇಳುವುದುಂಟು ಎಂಬುದನ್ನು ತೀರ್ಪು ಗುರುತಿಸಿತು. ಅದನ್ನು ಸುಳ್ಳೆಂದು ತಳ್ಳಿಹಾಕದೆ, ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಬಿಡಿಸಿ ಪರಿಶೀಲಿಸುವ ಮಾರ್ಗವನ್ನು ಅನುಸರಿಸಿತು.

ಗಾಯಕ ಸಿಮೋನ್ ಬಿಕಿಂಡಿಯ ಪ್ರಕರಣ ಇದಕ್ಕಿಂತ ಜಟಿಲವಾದುದು. ಆತನ ಗೀತೆಗಳನ್ನು ಆರ್‌ಟಿಎಲ್‌ಎಂ ಬಾನುಲಿಯು ದ್ವೇಷಪ್ರಚಾರಕ್ಕೆ ಬಳಸಿತ್ತು. ಆದರೆ ಅವು 1994ಕ್ಕಿಂತ ಮೊದಲಿನ ರಚನೆಗಳು. ನರಮೇಧಕ್ಕೆ ಪ್ರಚೋದಿಸುವ ಉದ್ದೇಶದಿಂದಲೇ ಅವುಗಳನ್ನು ರಚಿಸಿದನೆಂಬುದು ಸಂಶಯಾತೀತವಾಗಿ ಸಾಬೀತಾಗಲಿಲ್ಲ. 2008ರಲ್ಲಿ ಆತನಿಗೆ ದೊರೆತ 15 ವರ್ಷಗಳ ಶಿಕ್ಷೆಗೆ, 1994ರ ಜೂನ್ ಅಂತ್ಯದಲ್ಲಿ ವಾಹನದ ಧ್ವನಿವರ್ಧಕದಿಂದ ಆಡಿದ ಮಾತುಗಳು ಆಧಾರವಾದವು. ಹಾಡನ್ನು ಕಟ್ಟಿದವನ ಉದ್ದೇಶ, ಹಾಡನ್ನು ಬಳಸಿದವರ ಉದ್ದೇಶ ಬೇರೆ ಬೇರೆಯಾಗಿರಬಹುದೆಂಬ ವಿವೇಚನೆ ಇಲ್ಲಿ ಕಾನೂನಿನ ಪ್ರಶ್ನೆಯಾಯಿತು.

ಅರುಷಾದ ಕಲಾಪ ಪ್ರಮುಖ ಆರೋಪಿಗಳಿಗೆ ಸೀಮಿತವಾಗಿತ್ತು. ಇತ್ತ ರುವಾಂಡದ ಸೆರೆಮನೆಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರು ವಿಚಾರಣೆಗಾಗಿ ಕಾಯುತ್ತಿದ್ದರು. ರೂಢಿಯ ನ್ಯಾಯಾಲಯಗಳಿಗೆ ಈ ಕೆಲಸ ಮುಗಿಸಲು ಶತಮಾನವೇ ಬೇಕಾದೀತೆಂಬ ಅಂದಾಜಿತ್ತು. ಆಗ ಸರ್ಕಾರ ‘ಗಚಾಚಾ’ ಎಂಬ ಪಾರಂಪರಿಕ ಪಂಚಾಯಿತಿಯ ಮೊರೆಹೊಕ್ಕಿತು. ಮೂಲತಃ ಊರ ಹಿರಿಯರು ಹುಲ್ಲಿನ ಮೇಲೆ ಕುಳಿತು ಜಮೀನು, ದನಕರು, ಕುಟುಂಬಗಳ ತಂಟೆಗಳನ್ನು ರಾಜಿಯಲ್ಲಿ ತೀರಿಸುತ್ತಿದ್ದ ವ್ಯವಸ್ಥೆಯಿದು. ಕೊಲೆಯಂತಹ ಅಪರಾಧಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಯಲ್ಲಿರಲಿಲ್ಲ. 2001ರ ಕಾನೂನು ಅದಕ್ಕೆ ಹೊಸ ರೂಪ ಕೊಟ್ಟಿತು. ‘ಇನ್ಯಾಂಗಮುಗಾಯೊ’ ಎಂದು ಕರೆಯಲಾದ ಪ್ರಾಮಾಣಿಕ ವ್ಯಕ್ತಿಗಳನ್ನು ಜನರೇ ನ್ಯಾಯದರ್ಶಿಗಳಾಗಿ ಆರಿಸಿದರು. ಅವರಲ್ಲಿ ಮಹಿಳೆಯರೂ ಇದ್ದರು. 2002ರಲ್ಲಿ ಪ್ರಾಯೋಗಿಕವಾಗಿ, 2005ರಿಂದ ದೇಶಾದ್ಯಂತ ನಡೆದ ಈ ನ್ಯಾಯಾಲಯಗಳು 2012ರ ಜೂನ್ 18ರಂದು ಅಧಿಕೃತವಾಗಿ ಮುಕ್ತಾಯಗೊಳ್ಳುವ ವೇಳೆಗೆ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ವಿಚಾರಿಸಿದ್ದವು. ಅವುಗಳಲ್ಲಿ ಆಸ್ತಿಯ ಲೂಟಿ, ನಾಶಗಳಿಗೆ ಸಂಬಂಧಿಸಿದವೇ ಹೆಚ್ಚು.

ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆಯಾಗುತ್ತಿತ್ತು. ಇದರಿಂದ ಅನೇಕ ಕುಟುಂಬಗಳಿಗೆ ತಮ್ಮವರು ಎಲ್ಲಿ ಸತ್ತರು, ಎಲ್ಲಿ ಹೂಳಲ್ಪಟ್ಟರು ಎಂಬುದು ತಿಳಿದು, ಅಸ್ಥಿಗಳಿಗೆ ಸಂಸ್ಕಾರ ನಡೆಸಲು ಸಾಧ್ಯವಾಯಿತು. ಅರುಷಾದ ಸುದೀರ್ಘ ತೀರ್ಪುಗಳು ನೀಡಲಾಗದ ಸಾಂತ್ವನವಿದು. ಆದರೆ ಆರೋಪಿಗಳಿಗೆ ವಕೀಲರ ನೆರವಿರಲಿಲ್ಲ. ಸಾಕ್ಷಿಗಳು ಬೆದರಿಕೆಗೆ, ಕೆಲವೆಡೆ ಕೊಲೆಗೂ ಗುರಿಯಾದರು. ಯುದ್ಧದಲ್ಲಿ ಗೆದ್ದ ರುವಾಂಡ ದೇಶಭಕ್ತ ರಂಗದ ಯೋಧರು ಎಸಗಿದ ಹತ್ಯೆಗಳು ಗಚಾಚಾದ ವಿಚಾರಣೆಗೆ ಬರಲಿಲ್ಲ. ಅರುಷಾದಲ್ಲಿಯೂ ಆ ಪಕ್ಷದ ಯಾರ ಮೇಲೂ ಆರೋಪ ದಾಖಲಾಗಲಿಲ್ಲ.

ಈ ಕಾರಣದಿಂದ ಗಚಾಚಾವನ್ನು ಶುದ್ಧ ಜನಪದ ನ್ಯಾಯವೆಂದು ಕೊಂಡಾಡುವುದಾಗಲಿ, ಪ್ರಭುತ್ವದ ತಂತ್ರವೆಂದು ತಿರಸ್ಕರಿಸುವುದಾಗಲಿ ಸರಿಯಲ್ಲ. ಹಳೆಯ ಗಚಾಚಾದಲ್ಲಿ ಹಿರಿಯರ ಮಾತಿಗೆ ಬೆಲೆ ಬಂದದ್ದು ಊರಿನ ಒಪ್ಪಿಗೆಯಿಂದ. ಹೊಸದರಲ್ಲಿ ಕಾನೂನು ಮತ್ತು ದಂಡನೆಗಳ ಬಲದಿಂದ. ಊರಿನವರು ಎದುರುಬದುರು ಕುಳಿತು ಮಾತನಾಡಿದ ಕಡೆ ಅದು ಸತ್ಯವನ್ನು ಹೊರತಂದಿತು. ಕೆಲವರ ದುಃಖವನ್ನು ಹೇಳಲು ಅವಕಾಶವಿಲ್ಲದಿದ್ದ ಕಡೆ ಮೌನವನ್ನು ಉಳಿಸಿತು. ಜನಪದ ಸಂಸ್ಥೆಗಳನ್ನು ಶಾಂತಿಸ್ಥಾಪನೆಗೆ ಬಳಸಲಿಚ್ಛಿಸುವವರು ಈ ಎರಡನ್ನೂ ಒಟ್ಟಿಗೆ ಪರಿಗಣಿಸುವುದು ಅವಶ್ಯ.